ರೋಗಿವೃತ್ತಾಂತಲೇಖನವೂ ಅದರ ಪದಕೋಶವೂ

ಆಸ್ಪತ್ರೆಯ ದಾಖಲೆಪತ್ರಗಳ ವಿಷಯವು ಭಾಷಾಸಾಹಿತ್ಯಶೋಧನೆಗೆ ಮೀಸಲಾದ ಈ ಪತ್ರಿಕೆಯಲ್ಲಿ ಹೇಗೆ ಸಲ್ಲುವುದೆಂದು ವಾಚಕಮಹಾಶಯರು ಶಂಕಿಸಬಹುದು. ನನಗೂ ಮೊದಲು ಆ ಶಂಕೆಯೇ ಇದ್ದಿತು. ಹಳ್ಳಿಯ ಚಿಕಿತ್ಸಾಲಯವೊಂದನ್ನು ನಡೆಸುತ್ತಿರುವ ವೈದ್ಯಮಿತ್ರರೊಬ್ಬರು ರೋಗಿಗಳ ವೃತ್ತಾಂತವನ್ನು ಗಣಕಯಂತ್ರದಲ್ಲಿಡುವ ವ್ಯವಸ್ಥೆಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬ ವಿಚಾರದಲ್ಲಿದ್ದರು. ಅವರು ಪಟ್ಟಿಯೊಂದನ್ನು ತಂದು, ಅದರಲ್ಲಿನ ರೋಗನಾಮಗಳಿಗೆ ಕನ್ನಡದ ಸಮಪದಗಳನ್ನು ಬರೆದುಕೊಡಬೇಕೆಂದು ಕೇಳಿದರು. ಎರಡು ದಿನದ ಕೆಲಸವೆಂದು ಎಣಿಸಿ ಒಪ್ಪಿಕೊಂಡೆನು. ಒಳಹೊಕ್ಕು ನೋಡಿದ ಮೇಲೆ ಅದು ಬರಿಯ ಪಟ್ಟಿಯಲ್ಲ, ಒಂದು ನಿಘಂಟೆಂದು ತಿಳಿಯಿತು. ನಿಘಂಟೆಂದ ಮೇಲೆ ಅದರ ಗುಣದೋಷಗಳನ್ನು ವಿಚಾರಿಸುವ ಅಧಿಕಾರವು ನಮ್ಮಂಥವರಿಗೂ ಉಂಟಷ್ಟೆ.

ಆ ವ್ಯವಸ್ಥೆಗೆ ಓಪನ್‌ಎಂಆರ್‌ಎಸ್ ಎಂದು ಹೆಸರು. ಅದರ ಬೇರು ಆಫ್ರಿಕಾ ಖಂಡದಲ್ಲಿದೆ. ಪಶ್ಚಿಮ ಕೀನ್ಯಾದ ಮೊಸೊರಿಯಟ್ ಎಂಬಲ್ಲಿಯ ಗ್ರಾಮಾಂತರ ಆರೋಗ್ಯಕೇಂದ್ರದಲ್ಲಿ ಮೋಯ್ ವಿಶ್ವವಿದ್ಯಾನಿಲಯದವರೂ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದವರೂ ಕೂಡಿ ೨೦೦೧ರಲ್ಲಿ ಸಣ್ಣದೊಂದು ಗಣಕಲೇಖನವನ್ನು ಆರಂಭಿಸಿದ್ದರು. ಏಡ್ಸ್ ರೋಗದ ಚಿಕಿತ್ಸೆಯು ಆ ಪ್ರಾಂತದಲ್ಲಿ ವ್ಯಾಪಿಸಿ ರೋಗಿಗಳು ಹೆಚ್ಚಿದಂತೆ ಅದು ಸಾಲದೆ ಹೋಯಿತು. ೨೦೦೪ರಲ್ಲಿ ಇಂಡಿಯಾನಾದ ರೀಗನ್‌ಸ್ಟ್ರೀಫ್ ಸಂಸ್ಥೆಯವರೂ ಪಾರ್ಟ್‌ನರ್ಸ್ ಇನ್ ಹೆಲ್ತ್ ಎಂಬ ಸಂಸ್ಥೆಯವರೂ ಸೇರಿ ಈ ವ್ಯವಸ್ಥೆಗೆ ಕೈಹಾಕಿದರು. ೨೦೦೬ರಲ್ಲಿ ಅದು ಮೊದಲು ಕೀನ್ಯಾದ ಎಲ್ಡೊರೆಟ್ ನಗರದಲ್ಲಿಯೂ, ಅದೇ ವರ್ಷ ರುವಾಂಡಾದಲ್ಲಿಯೂ ಬಳಕೆಗೆ ಬಂದಿತು. ಇದರ ಮೂಲಲಿಪಿಯು ಬಹಿರಂಗವಾಗಿದ್ದು, ಯಾರಾದರೂ ಬೆಲೆಯಿಲ್ಲದೆ ಪಡೆದು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು.

ಇಂಥ ವ್ಯವಸ್ಥೆಯನ್ನು ಆರಿಸುವವರು ಸಾಮಾನ್ಯವಾಗಿ ಅದು ಎಷ್ಟು ಕೆಲಸಗಳನ್ನು ಮಾಡುವುದೆಂದು ಕೇಳುತ್ತಾರೆಯೇ ಹೊರತು, ಅದರ ಕೋಶವು ಎಂಥದೆಂದು ಕೇಳುವುದಿಲ್ಲ. ವಾಸ್ತವವಾಗಿ ಇದರ ಜೀವವಿರುವುದು ಕೋಶದಲ್ಲಿಯೇ. ಬೇರೆ ಕೆಲವು ವ್ಯವಸ್ಥೆಗಳಲ್ಲಿ ವೈದ್ಯನು ಹೊಸ ಪ್ರಶ್ನೆಯೊಂದನ್ನು ಕೇಳಬೇಕಾದರೆ ಯಂತ್ರಜ್ಞನನ್ನು ಕರೆಯಿಸಿ ಕೋಷ್ಟಕಕ್ಕೆ ಹೊಸ ಅಂಕಣವನ್ನು ಹಚ್ಚಿಸಬೇಕು. ಇಲ್ಲಿಯಾದರೋ ಪ್ರಶ್ನೆಯೂ ಕೋಶದ ಒಂದು ಪದ, ಉತ್ತರವೂ ಒಂದು ಪದ. 'ಕೆಮ್ಮು ಉಂಟೆ' ಎಂಬುದನ್ನು ಸೇರಿಸಬೇಕಾದರೆ ಕೋಶಕ್ಕೆ ಒಂದು ನಮೂದನ್ನು ಬರೆದರಾಯಿತು. ದೂರದ ಯಂತ್ರಜ್ಞನಿಗೆ ವೇತನ ಕೊಡಲಾರದ ಚಿಕಿತ್ಸಾಲಯಗಳಿಗೆ ಇದರಿಂದಾಗುವ ಉಪಕಾರವು ಅಲ್ಪವಲ್ಲ.

ಅಮರಸಿಂಹನು ಪರ್ಯಾಯಪದಗಳನ್ನು ಅರ್ಥಾನುಸಾರವಾಗಿ ವರ್ಗವರ್ಗವಾಗಿ ಕೂಡಿಸಿದನು. ರೋಗನಾಮಗಳು ಮನುಷ್ಯವರ್ಗದಲ್ಲಿ ಬರುತ್ತವೆ. ಈ ಆಧುನಿಕಕೋಶದ ಕ್ರಮವೂ ಹೆಚ್ಚುಕಡಿಮೆ ಅದೇ. ಅರ್ಥಕ್ಕೆ ಒಂದು ಸಂಖ್ಯೆ. ಆ ಸಂಖ್ಯೆಗೆ ಒಂದೊಂದು ಭಾಷೆಯಲ್ಲಿ ಒಂದು ಪೂರ್ಣನಾಮ. ಅದರ ಕೆಳಗೆ ಪರ್ಯಾಯಗಳು. ಹೆಸರು ಬದಲಾದರೂ ಸಂಖ್ಯೆ ಬದಲಾಗದು. ಆದರೆ ಅಮರನು ಮೂರನೆಯ ಕಾಂಡದಲ್ಲಿ ನಾನಾರ್ಥಗಳಿಗೆಂದು ಪ್ರತ್ಯೇಕವಾದ ವರ್ಗವನ್ನಿಟ್ಟನು. ಇಲ್ಲಿ ಅದಕ್ಕೆ ಎಡೆಯಿಲ್ಲ. ಪೂರ್ಣನಾಮವೆಂಬುದು ಒಂದೇ ಅರ್ಥವನ್ನು ಹೇಳಬೇಕೆಂದು ನಿಯಮ. ನಮ್ಮ ಜನರು 'ಸಂಕಟ' ಎನ್ನುತ್ತಾರೆ. ಅದು ಎದೆಯದೋ, ಹೊಟ್ಟೆಯದೋ, ಮನಸ್ಸಿನದೋ ಎಂಬುದನ್ನು ಪದವು ಹೇಳದು, ಕೇಳಿ ತಿಳಿಯಬೇಕು. 'ಹೊಟ್ಟೆಯುರಿ' ಎಂಬುದನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ನನ್ನ ಮಿತ್ರರನ್ನು ಕೇಳಿದಾಗ ಅವರು ನಕ್ಕರು. ಆ ಅಸೂಯೆಗೆ ಅವರಲ್ಲಿ ಔಷಧವಿಲ್ಲವಂತೆ.

ಕೋಶದ ಹೊರಗೂ ಈ ವ್ಯವಸ್ಥೆಯಲ್ಲಿ ಎರಡು ಮೂರು ಗುಣಗಳನ್ನು ಗ್ರಂಥಸಂಪಾದಕರಾದವರು ಮೆಚ್ಚದಿರಲಾರರು. ತಪ್ಪಾಗಿ ಬರೆದುದನ್ನು ಇದರಲ್ಲಿ ಅಳಿಸಿಹಾಕುವುದಿಲ್ಲ; ಅಸಿಂಧುವೆಂದು ಗುರುತುಮಾಡಿ, ಮಾಡಿದವರಾರು, ಎಂದು, ಏತಕ್ಕೆ ಎಂಬುದನ್ನು ಜೊತೆಯಲ್ಲಿಯೇ ಇಡುತ್ತಾರೆ. ಓಲೆಯನ್ನು ಹೆರೆದು ಮೇಲೆ ತನ್ನ ಪಾಠವನ್ನು ಬರೆದ ಲಿಪಿಕಾರನಿಂದ ನಾವು ಪಟ್ಟ ಪಾಡನ್ನು ನೆನೆದರೆ ಈ ಶಿಸ್ತಿನ ಬೆಲೆ ತಿಳಿದೀತು. ರೋಗಿಯು ಹುಟ್ಟಿದ ದಿನವನ್ನು ಅರಿಯದಿದ್ದರೆ ಊಹಿಸಿ ಬರೆಯಬಹುದು. ಆದರೆ ಊಹೆಯೆಂಬ ಚಿಹ್ನೆಯೂ ಅದರ ಸಂಗಡ ಉಳಿಯುತ್ತದೆ. ರೋಗಿಯ ಸಂಖ್ಯೆಯ ಕೊನೆಗೆ ಉಳಿದ ಅಂಕೆಗಳಿಂದ ಗಣಿಸಿದ ಪರೀಕ್ಷಾಂಕವೊಂದನ್ನು ಸೇರಿಸುವ ಪದ್ಧತಿಯೂ ಇದರಲ್ಲಿದೆ. ನಡುವೆ ಒಂದಂಕೆ ತಪ್ಪಿದರೆ ಅದು ಕೂಡಲೆ ಬಯಲಾಗುತ್ತದೆ. ವೇದಪಾಠದಲ್ಲಿ ಕ್ರಮ, ಜಟೆ, ಘನಗಳ ಪ್ರಯೋಜನವೂ ಇದೇ ಅಲ್ಲವೆ?

ಇನ್ನು ಬರೆಯುವವರಾರೆಂಬ ಪ್ರಶ್ನೆ. ಎಲ್ಡೊರೆಟ್ಟಿನಲ್ಲಿ ಮೊದಮೊದಲು ವೈದ್ಯರು ಕಾಗದದ ಮೇಲೆ ಬರೆದುದನ್ನು ಗುಮಾಸ್ತರು ಆಮೇಲೆ ಯಂತ್ರಕ್ಕೆ ಏರಿಸುತ್ತಿದ್ದರು. ಮಲಾವಿ ದೇಶದ ಲಿಲಾಂಗ್ವೆಯಲ್ಲಿ ಬಾವೊಬಾಬ್ ಹೆಲ್ತ್ ಎಂಬವರು ಹಿಡಿದ ದಾರಿ ಬೇರೆ. ಅಲ್ಲಿ ದಾದಿಯೂ ಚಿಕಿತ್ಸಕನೂ ರೋಗಿಯ ಎದುರಿನಲ್ಲಿಯೇ ಪರದೆಯನ್ನು ಬೆರಳಿನಿಂದ ಮುಟ್ಟಿ ಬರೆಯುತ್ತಿದ್ದರು. ವಿದ್ಯುತ್ತು ಹೋದರೂ ನಡೆಯುವಂತೆ ಕಡಿಮೆ ವಿದ್ಯುತ್ತಿನ ಯಂತ್ರಗಳನ್ನೂ ಸಂಚಯಕೋಶಗಳನ್ನೂ ಇಟ್ಟಿದ್ದರು. ಇದಕ್ಕಿಂತಲೂ ನನಗೆ ಹಿಡಿಸಿದ ಸಂಗತಿಯೊಂದಿದೆ. ಆ ದೇಶದಲ್ಲಿ ರೋಗಿಯು ತನ್ನ ಆರೋಗ್ಯಪುಸ್ತಿಕೆಯನ್ನು ತಾನೇ ಇಟ್ಟುಕೊಳ್ಳುವ ರೂಢಿಯುಂಟು. ಯಂತ್ರವು ಮುದ್ರಿಸಿದ ಚೀಟಿಯನ್ನು ಆ ಪುಸ್ತಿಕೆಯಲ್ಲಿಯೇ ಅಂಟಿಸುತ್ತಿದ್ದರು. ಯಂತ್ರ ಕೆಟ್ಟರೂ ಧನಸಹಾಯ ನಿಂತರೂ ಆ ಹಾಳೆ ರೋಗಿಯ ಕೈಯಲ್ಲಿರುತ್ತದೆ. ಗುಮಾಸ್ತನ ಕ್ರಮದಲ್ಲಿ ಬರೆಹವು ಹೆಚ್ಚು ಸ್ವಚ್ಛವಾಗಿರಬಹುದು. ಆದರೆ ಸಂದೇಹ ಬಂದಾಗ ಕೇಳಲು ರೋಗಿಯು ಎದುರಿಗಿರುವುದಿಲ್ಲ. ಈ ಕಾರಣದಿಂದ ಮಲಾವಿಯ ಕ್ರಮವೇ ಮೇಲೆಂದು ನನ್ನ ಅಭಿಪ್ರಾಯ.

ನಮ್ಮ ದೇಶದಲ್ಲಿ ಛತ್ತೀಸಗಡದ ಬಿಲಾಸಪುರದ ಸಮೀಪದ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗದವರ ಆಸ್ಪತ್ರೆಯಿದೆ. ಓಪನ್‌ಎಂಆರ್‌ಎಸ್ಸಿಗೆ ಪ್ರಯೋಗಶಾಲೆಯ ಲೇಖನವನ್ನೂ ಲೆಕ್ಕಪತ್ರವನ್ನೂ ಜೋಡಿಸಿದ ಬಾಹ್ಮ್ನಿ ಎಂಬ ವ್ಯವಸ್ಥೆಯು ಮೊದಲು ಬಳಕೆಗೆ ಬಂದುದು ಅಲ್ಲಿಯೇ. ನನ್ನ ಮಿತ್ರರ ಮನಸ್ಸು ಇದರ ಕಡೆಗೇ ಒಲಿದಿದೆ, ಅದು ಯುಕ್ತವೂ ಆಗಿದೆ.

ನನ್ನ ತಕರಾರು ಅನುವಾದದ ವಿಷಯದಲ್ಲಿ. ಪಟ್ಟಿಯಲ್ಲಿ 'ಡಯಾಬಿಟೀಸ್' ಎಂಬುದರ ಎದುರಿಗೆ 'ಮಧುಮೇಹ' ಎಂದು ಯಾರೋ ಮೊದಲೇ ಬರೆದಿದ್ದರು. ಬಳಕೆಗನ್ನಡದಲ್ಲಿ ಅದು ಸರಿಯೆ. ಆದರೆ ಚರಕನ ಮತದಲ್ಲಿ ಪ್ರಮೇಹಗಳು ೨೦; ಅವುಗಳಲ್ಲಿ ಕಫಜ ೧೦, ಪಿತ್ತಜ ೬, ವಾತಜ ೪. ಮಧುಮೇಹವು ಆ ನಾಲ್ಕರಲ್ಲಿ ಒಂದು. ಆಯುರ್ವೇದವೈದ್ಯನೂ ಅದೇ ಯಂತ್ರದಲ್ಲಿ ಬರೆಯತೊಡಗಿದರೆ, ಒಂದೇ ಹೆಸರಿನ ಕೆಳಗೆ ಎರಡು ಶಾಸ್ತ್ರಗಳ ಎರಡು ಅರ್ಥಗಳು ಬೆರೆತುಹೋಗುತ್ತವೆ. ಜ್ವರದ ಗತಿಯೂ ಹೀಗೆಯೇ. ಚರಕನ ನಿದಾನಸ್ಥಾನದ ಮೊದಲ ಅಧ್ಯಾಯವೇ ಜ್ವರವನ್ನು ಕುರಿತದ್ದು. ಅಲ್ಲಿ ಅದು ಸ್ವತಂತ್ರವಾದ ವ್ಯಾಧಿ. ಪಾಶ್ಚಾತ್ಯವೈದ್ಯದಲ್ಲಿ ಅದು ಬೇರೊಂದು ವ್ಯಾಧಿಯ ಲಕ್ಷಣವೆಂದೇ ಎಣಿಕೆ. ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೪ರ ಜನವರಿಯಲ್ಲಿ ದೆಹಲಿಯಲ್ಲಿ ತಮ್ಮ ರೋಗವರ್ಗೀಕರಣದ ೧೧ನೆಯ ಪರಿಷ್ಕರಣಕ್ಕೆ ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳ ಭಾಗವನ್ನು ಪ್ರಕಟಿಸಿದಾಗ, ಈ ಪದಗಳಿಗೆ ಪ್ರತ್ಯೇಕವಾದ ಸಂಕೇತಗಳನ್ನೇ ಕೊಟ್ಟರು. ಸಮಪದವೆಂದು ಬೆಸೆಯದೆ ಪಕ್ಕದಲ್ಲಿ ನಿಲ್ಲಿಸಿದ ಆ ವಿವೇಕವು ಶ್ಲಾಘ್ಯವಾದುದು.

ಒಂದು ಪೂರ್ವಪಕ್ಷವುಂಟು: ಪ್ರತಿಯೊಂದು ಚಿಕಿತ್ಸಾಲಯವೂ ತನ್ನ ಜನರ ಮಾತಿಗೆ ತಕ್ಕ ಕೋಶವನ್ನು ತಾನೇ ರಚಿಸಿಕೊಳ್ಳಲಿ ಎಂದು. ಕೇಳುವುದಕ್ಕೆ ಇಂಪಾಗಿದೆ. ಆದರೆ ಹಾಗೆ ಮಾಡಿದರೆ ಒಂದೂರಿನ ಕ್ಷಯರೋಗಿಗಳನ್ನು ಇನ್ನೊಂದೂರಿನವರೊಡನೆ ಎಣಿಸುವುದೇ ಅಸಾಧ್ಯವಾಗುತ್ತದೆ. ವಲಸೆ ಹೋದ ರೋಗಿಯ ವೃತ್ತಾಂತವನ್ನು ಓದುವವರಿರುವುದಿಲ್ಲ. ಅರ್ಥದ ಸಂಖ್ಯೆ ಎಲ್ಲೆಡೆಯೂ ಒಂದೇ ಇರಲಿ. ಹೆಸರುಗಳು ಮಾತ್ರ ಊರಿನವಾಗಲಿ. ಇದಕ್ಕೆ ಆ ಕೋಶದಲ್ಲಿಯೇ ಅವಕಾಶವಿದೆ.

ಸಂಕೇತಕ್ಕೆ ಸಿಗದ ರೋಗವನ್ನು ಬಿಡಿಮಾತಿನಲ್ಲಿ ಬರೆಯಲೂ ಆ ವ್ಯವಸ್ಥೆಯಲ್ಲಿ ಸ್ಥಳವಿದೆ. ಎಣಿಕೆಗೆ ಒದಗದೆಂದು ಅದನ್ನು ಮುಚ್ಚಿಬಿಡಬೇಕೆಂದು ಸಲಹೆ ಬಂದಿತಂತೆ. ಹಾಗೆ ಮಾಡಬೇಡಿರೆಂದು ಮಿತ್ರರಿಗೆ ಬರೆದಿದ್ದೇನೆ. ರೋಗಿಯು ಸಂಕಟವೆಂದರೆ ಮೊದಲು ಸಂಕಟವೆಂದೇ ಬರೆದು, ಅದರ ಕೆಳಗೆ ವೈದ್ಯನು ತನ್ನ ನಿರ್ಣಯದ ಸಂಖ್ಯೆಯನ್ನಿಡಲಿ. ಮೂಲವನ್ನು ಬಿಟ್ಟು ವ್ಯಾಖ್ಯಾನವನ್ನು ಮಾತ್ರ ಅಚ್ಚುಹಾಕುವ ಪದ್ಧತಿ ನಮ್ಮಲ್ಲಿಲ್ಲ. ಪಟ್ಟಿಯನ್ನು ಇನ್ನೂ ಹಿಂದಿರುಗಿಸಿಲ್ಲ. ಎರಡು ದಿನದ ಕೆಲಸವು ಏಳನೆಯ ತಿಂಗಳಿಗೆ ಬಿದ್ದಿದೆ. 'ಸುಸ್ತು' ಎಂಬಲ್ಲಿಗೆ ಬಂದು ನಿಂತಿದ್ದೇನೆ.