ಆಮೆ ಮುಟ್ಟಿದ ಕೈ

ಆಮೆ ಸಾಕುವ ಮನೆಗಳಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಅದು ಕಚ್ಚುತ್ತದೆಯೇ ಎಂಬುದು. ಕೇಳಬೇಕಾದದ್ದು ಅದರ ನೀರಿನ ವಿಚಾರ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಕೆಂಪುಕಿವಿಯ ಆಮೆ ಈಜುವ ನೀರಿನಲ್ಲೇ ತಿನ್ನುತ್ತದೆ, ಅಲ್ಲೇ ಮಲ ಬಿಡುತ್ತದೆ. ಅದರ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಆಮೆಗೆ ಯಾವ ತೊಂದರೆಯನ್ನೂ ಕೊಡದೆ ಇರಬಲ್ಲದು. ಅಲ್ಲಿಂದ ಅದು ನೀರಿಗೂ, ಗಾಜಿನ ಒಳಮೈಯ ಲೋಳೆಗೂ, ಚಿಪ್ಪಿನ ಅಂಚಿನ ಪಾಚಿಗೂ, ಆಮೆ ಮೈ ಕಾಯಿಸಿಕೊಳ್ಳುವ ಕಲ್ಲಿಗೂ ಹರಡುತ್ತದೆ. ಆಮೆಯನ್ನು ಮುಟ್ಟದೆ ಬರೀ ನೀರು ಬದಲಿಸಿದವರಿಗೂ ಸೋಂಕು ತಗಲುವುದು ಹೀಗೆ.

ಇದು ಅತಿ ಮಡಿವಂತಿಕೆಯ ಮಾತಲ್ಲ. ಪುಟ್ಟ ಆಮೆಗಳಿಂದ ಮಕ್ಕಳಿಗೆ ಸೋಂಕು ಹರಡುವುದು ಖಚಿತವಾದ ಮೇಲೆ ಅಮೆರಿಕ 1975ರಲ್ಲಿ, ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು ನಿಷೇಧಿಸಿತು. ಅಷ್ಟು ಚಿಕ್ಕ ಆಮೆ ಮಗುವಿನ ಬಾಯಿಗೆ ಹೋಗುತ್ತದೆ. ಮುಂದೆ 2008ರಿಂದ 2011ರವರೆಗೆ ಅದೇ ದೇಶದಲ್ಲಿ ಸೋಂಕು ಹರಡಿದ್ದು ಅಕ್ವೇರಿಯಂನ ಪುಟಾಣಿ ಆಫ್ರಿಕನ್ ಕಪ್ಪೆಗಳಿಂದ. ಆಗಲೂ ಹೆಚ್ಚು ನರಳಿದವರು ಮಕ್ಕಳೇ.

‘ನಮ್ಮ ಆಮೆ ಆರೋಗ್ಯವಾಗಿದೆ, ಪರೀಕ್ಷೆಯೂ ಆಗಿದೆ’ ಎನ್ನುವವರಿದ್ದಾರೆ. ಆದರೆ ಈ ಬ್ಯಾಕ್ಟೀರಿಯಾ ಮಲದಲ್ಲಿ ದಿನವೂ ಹೊರಬರುವುದಿಲ್ಲ. ಇಂದು ಕಾಣದ್ದು ನಾಳೆ ಬರಬಹುದು. ಆ್ಯಂಟಿಬಯೋಟಿಕ್ ಕೊಟ್ಟು ತೊಲಗಿಸೋಣವೆಂದರೆ, ಔಷಧಕ್ಕೆ ಬಗ್ಗದ ತಳಿಗಳು ಹುಟ್ಟುವ ಅಪಾಯವಿದೆ. ಆದ್ದರಿಂದ ಪ್ರತಿ ಆಮೆಯಲ್ಲೂ ಸೋಂಕಿದೆ ಎಂದೇ ಭಾವಿಸಿ ನಡೆದುಕೊಳ್ಳುವುದು ಜಾಣತನ. ತೊಟ್ಟಿಯ ನೀರು ಅಡುಗೆಮನೆಯ ಸಿಂಕಿಗೆ ಬೀಳಬಾರದು, ಕಕ್ಕಸಿಗೆ ಹೋಗಲಿ. ಅದಕ್ಕೆಂದೇ ಬೇರೆ ಬಕೆಟ್, ಬೇರೆ ಬ್ರಷ್ ಇರಲಿ. ಕೆಲಸ ಮುಗಿದೊಡನೆ ಬೆರಳ ಸಂದು, ಉಗುರಿನಡಿ ಬಿಡದೆ ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಕೈ ಉಜ್ಜಬೇಕು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಆಮೆಯನ್ನು ತರದಿರುವುದೇ ಲೇಸು. ವಯಸ್ಸಾದವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರು ಇರುವಲ್ಲಿಯೂ ಅಪಾಯ ಹೆಚ್ಚು.

ಇಷ್ಟೆಲ್ಲ ಹೆದರಿಸಿದರೆ ಮಕ್ಕಳಿಗೆ ಪ್ರಾಣಿಗಳ ನಂಟೇ ತಪ್ಪೀತು ಎಂಬ ಆಕ್ಷೇಪವನ್ನು ಹಗುರಾಗಿ ತಳ್ಳುವಂತಿಲ್ಲ. ಆದರೆ ಮುಟ್ಟುವುದೊಂದೇ ನಂಟಲ್ಲ. ಮುಟ್ಟುವುದು ಕೆಲವೊಮ್ಮೆ ಪ್ರಾಣಿಗೂ ಕೇಡು. ಕಪ್ಪೆಯ ಒದ್ದೆ ಚರ್ಮ ನೀರನ್ನೂ ಗಾಳಿಯನ್ನೂ ಒಳಗೆಳೆದುಕೊಳ್ಳುತ್ತದೆ. ನಮ್ಮ ಅಂಗೈಯ ಉಪ್ಪು, ಸೋಪಿನ ಶೇಷ, ಸ್ಯಾನಿಟೈಸರ್ ಅದಕ್ಕೆ ವಿಷವಾಗಬಹುದು. ಎತ್ತಲೇಬೇಕಾದರೆ ಪುಡಿ ಹಚ್ಚದ ಹೊಸ ಕೈಗವಸನ್ನು ಶುದ್ಧ ನೀರಿನಲ್ಲಿ ತೋಯಿಸಿ ಹಾಕಿಕೊಳ್ಳಬೇಕು. ಉಳಿದ ಹೊತ್ತು ಗಾಜಿನಾಚೆ ಕುಳಿತು ಅದರ ಗಂಟಲು ಮಿಡಿಯುವುದನ್ನು ನೋಡಲು ಕಲಿತ ಮಗು ಕಪ್ಪೆಯನ್ನೂ ಕಾಯುತ್ತದೆ, ತನ್ನನ್ನೂ ಕಾಯ್ದುಕೊಳ್ಳುತ್ತದೆ.