‘ನಡುವೆ ಸುಳಿವ ಹೆಣ್ಣು’: ಹೆಸರಿನ ವಿಚಾರ

ಸವದತ್ತಿಯ ಏಳುಕೊಳ್ಳದ ಎಲ್ಲಮ್ಮನ ಪರಂಪರೆಯಲ್ಲಿ ಜೋಗತಿಯರೊಡನೆ ಜೋಗಪ್ಪ ಎಂಬುದೊಂದು ವರ್ಗವಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಹುಟ್ಟಿನಲ್ಲಿ ಗಂಡೆಂದು ಲೋಕವು ಎಣಿಸಿದವರು ಹೆಣ್ಣಿನ ನಡೆನುಡಿ ಉಡುಗೆಗಳನ್ನು ತಳೆದು, ಮುತ್ತು ಕಟ್ಟಿಸಿಕೊಂಡು, ಚೌಡಿಕೆಯ ಹಾಡಿಗೆ ಕೊಡ ಹೊತ್ತು ಕುಣಿಯುತ್ತ ದೇವಿಯ ಸೇವೆಯಲ್ಲಿ ಬಾಳುವರು. ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಸೀಮೆಯಲ್ಲಿ ಮಂಗಳವಾರ ಶುಕ್ರವಾರಗಳಂದು ಪಡಲಗಿಗೆ ಜೋಳವನ್ನೋ ಹಿಟ್ಟನ್ನೋ ನೀಡಿ, ಹಣೆಗೆ ಭಂಡಾರ ಹಚ್ಚಿಸಿಕೊಳ್ಳುವ ವಾಡಿಕೆ ಉಂಟು. ಇಷ್ಟನ್ನು ಹೇಳಿ ನಮ್ಮ ಗ್ರಂಥಗಳು ಸಾಮಾನ್ಯವಾಗಿ ನಿಂತುಬಿಡುವುವು. ನೀಡಿದ ಕೈ ಗೌರವಿಸಿದುದು ಪಡಲಗಿಯನ್ನೋ ಅದನ್ನು ಹೊತ್ತವರನ್ನೋ ಎಂಬ ಪ್ರಶ್ನೆಯನ್ನು ಯಾರೂ ಬಗೆಹರಿಸಿಲ್ಲ. ಮಂಜಮ್ಮ ಜೋಗತಿಯವರು ಹೇಳಿ ಅರುಣ್ ಜೋಳದಕೂಡ್ಲಿಗಿಯವರು ನಿರೂಪಿಸಿರುವ ‘ನಡುವೆ ಸುಳಿವ ಹೆಣ್ಣು’ ಎಂಬ ಆತ್ಮಕಥನವನ್ನು ಈ ಪ್ರಶ್ನೆಯ ಎದುರಿಗಿಟ್ಟು ಓದುವುದು ಉಚಿತವೆಂದು ನಮಗೆ ತೋರುತ್ತದೆ.

ಮೊದಲು ಹೆಸರನ್ನೇ ನೋಡೋಣ. ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವೊಂದರ ನುಡಿ ಇದರಲ್ಲಿ ಅಡಗಿರುವುದನ್ನು ಕನ್ನಡದ ಓದುಗರು ಒಡನೆ ಗುರುತಿಸುವರು. ಮೈಯ ಮೇಲಣ ಕುರುಹುಗಳನ್ನು ಕಂಡು ಲೋಕವು ಒಬ್ಬರನ್ನು ಹೆಣ್ಣೆಂದೂ ಮತ್ತೊಬ್ಬರನ್ನು ಗಂಡೆಂದೂ ಕರೆಯುವುದು; ಒಳಗೆ ಚಲಿಸುವ ಆತ್ಮಕ್ಕೆ ಆ ಎರಡೂ ಸಲ್ಲವು ಎಂಬುದು ಅದರ ತಾತ್ಪರ್ಯ. ಗೊಗ್ಗವ್ವೆಯ ವಚನವೊಂದು ಇದೇ ಮಾತನ್ನು ಜ್ಞಾನದ ವಿಷಯವಾಗಿ ಕೇಳುವುದು. ಲಿಂಗತ್ವ ಅಲ್ಪಸಂಖ್ಯಾತರ ಪ್ರಸ್ತಾಪ ಬಂದಾಗಲೆಲ್ಲ ಅಧ್ಯಾಪಕರು ಈ ವಚನವನ್ನು ಉದಾಹರಿಸುವುದು ಈಗ ರೂಢಿಯಾಗಿದೆ. ಆದರೆ ಗ್ರಂಥದ ಹೆಸರು ವಚನವನ್ನು ಅನುಸರಿಸಿಲ್ಲ, ತಿದ್ದಿದೆ. ವಚನಕಾರನು ಆತ್ಮವನ್ನು ಇಟ್ಟಿದ್ದ ಸ್ಥಾನದಲ್ಲಿ ಇಲ್ಲಿ ‘ಹೆಣ್ಣು’ ಎಂಬ ಪದ ನಿಂತಿದೆ. ಒಂದು ಪದದ ವ್ಯತ್ಯಾಸವೆಂದು ಇದನ್ನು ಕಡೆಗಣಿಸಲಾಗದು. ತಾನು ಹೆಣ್ಣೆಂದು ಒಬ್ಬರು ಹೇಳುತ್ತಿರುವಾಗ, ಆತ್ಮಕ್ಕೆ ಲಿಂಗವಿಲ್ಲವಲ್ಲ ಎಂದು ಉತ್ತರಿಸುವುದು ವೇದಾಂತದ ಉಡುಗೆ ತೊಟ್ಟ ನಿರಾಕರಣೆಯೇ ಆಗುವುದು. ಉತ್ತರ ಕೊಟ್ಟವರು ತಮ್ಮ ಗಂಡುತನವನ್ನೋ ಹೆಣ್ಣುತನವನ್ನೋ ಆ ಮಾತಿನಿಂದ ಬಿಟ್ಟುಕೊಟ್ಟವರಲ್ಲ! ವಚನದ ಪೂರ್ವಾರ್ಧವಾದರೋ ಇಲ್ಲಿ ನಿಜವಾಗಿ ಉಪಯುಕ್ತ. ಹೆಣ್ಣು ಗಂಡೆಂಬ ಹೆಸರನ್ನು ಮೈ ನೋಡಿ ಇಡುವವರು ಹೊರಗಿನವರೆಂಬುದನ್ನು ದಾಸಿಮಯ್ಯನು ಸ್ಪಷ್ಟವಾಗಿ ಕಂಡಿದ್ದನು. ಆ ಅಧಿಕಾರವನ್ನು ಹೊರಗಿನವರಿಂದ ಹಿಂದಕ್ಕೆ ಪಡೆಯುವ ಯತ್ನವೇ ಮಂಜಮ್ಮನವರ ಕಥನ.

ಆ ಕಥನದ ಘಟನೆಗಳು ಕಠೋರವಾಗಿವೆ. ಬಳ್ಳಾರಿ ಸೀಮೆಯ ಮನೆಯಲ್ಲಿ ಹೆಣ್ಣಿನ ನಡತೆ ಕಂಡುಬಂದುದಕ್ಕಾಗಿ ಹೊಡೆತ. ಅನಂತರ ಹುಲಿಗಿಯಲ್ಲಿ ದೀಕ್ಷೆ. ಮನೆಯ ನಂಟು ಹರಿದುದು, ಭಿಕ್ಷಾಟನೆ, ದೌರ್ಜನ್ಯ, ಸಾಯಲೆತ್ನಿಸಿದುದು. ಕೊನೆಗೆ ಕಾಳವ್ವ ಜೋಗತಿಯವರ ಮೇಳ. ದೇವಿಗೆ ಒಪ್ಪಿಸಿದ ಮೇಲೆ ಮನೆಯವರ ಕಣ್ಣಿಗೆ ಮಗುವು ಪೂಜ್ಯವೂ ಆಯಿತು, ಪರಕೀಯವೂ ಆಯಿತು. ಜೋಗಪ್ಪ ಸಂಪ್ರದಾಯದಿಂದ ಇವರಿಗೆ ಆಶ್ರಯ ದೊರೆಯಿತೆಂದು ಹೊಗಳುವ ವಿದ್ವಾಂಸರು ಈ ಎರಡನೆಯ ಪರಿಣಾಮವನ್ನು ಬರೆಯುವುದಿಲ್ಲ. ಆಶ್ರಯವು ದೊರೆತದ್ದು ನಿಜ. ಮನೆಯ ಬೆಲೆ ತೆತ್ತು ದೊರೆತದ್ದೂ ಅಷ್ಟೇ ನಿಜ. ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಆ ಸಮಾರಂಭದಲ್ಲಿ ಅವರು ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ನಿವಾಳಿಸಿದುದನ್ನು ನಾಡೆಲ್ಲ ಕೊಂಡಾಡಿತು. ಕಲಾವಿದೆಗೆ ಸಂದ ಪ್ರಶಸ್ತಿಯಾದರೂ ಜನರ ಕಣ್ಣು ಹರಸುವ ಕೈಯ ಮೇಲೆಯೇ ನೆಟ್ಟಿತು.

ರೇಣುಕೆಯ ಕಥೆಯನ್ನೂ ಇಲ್ಲಿ ಪರಾಮರ್ಶಿಸಬೇಕು. ಮಹಾಭಾರತದ ವನಪರ್ವದಲ್ಲಿ ತಾಯಿಯನ್ನು ಕೊಲ್ಲೆಂಬ ಜಮದಗ್ನಿಯ ಆಜ್ಞೆಗೆ ಒಪ್ಪದ ನಾಲ್ವರು ಮಕ್ಕಳು ಶಾಪದಿಂದ ಬುದ್ಧಿಗೆಟ್ಟು ಮೃಗಪಕ್ಷಿಗಳಂತೆ ಜಡರಾಗುವರು. ಎಲ್ಲಮ್ಮನ ಜನಪದ ಕಥೆಗಳಲ್ಲಿ ಈ ಶಾಪವು ಗಂಡುತನದ ನಾಶವಾಗಿ ಮಾರ್ಪಟ್ಟು, ಜೋಗಪ್ಪಗಳ ಮೂಲವನ್ನು ಅಲ್ಲಿಗೆ ಜೋಡಿಸಲಾಗಿದೆ. ಶಾಪದ ಸಂಗತಿಯನ್ನೇ ಎತ್ತಿ ಹೇಳುವ ವ್ಯಾಖ್ಯಾನಕಾರರು ಅದರ ಕಾರಣವನ್ನು ಮರೆಯುವರು. ಕೊಡಲಿ ಎತ್ತಿದವನು ಪರಶುರಾಮ. ತಾಯಿಯ ಮೇಲೆ ಕೈಮಾಡಲಾರೆವೆಂದವರು ಈ ಪರಂಪರೆಯ ಹಿರಿಯರು. ಆದರೂ ಕಥೆಯ ಈ ಸೌಂದರ್ಯಕ್ಕೆ ಮರುಳಾಗಿ ಬದುಕಿರುವ ಮನುಷ್ಯರನ್ನು ಶಾಪದ ಫಲವೆಂದು ಪಾಠದಲ್ಲಿ ವಿವರಿಸುವುದು ಸಲ್ಲದು. ಬೃಹನ್ನಳೆಯನ್ನು ಈ ಪ್ರಸಂಗಕ್ಕೆ ಎಳೆದು ತರುವುದಂತೂ ಅಪ್ರಕೃತ. ಅರ್ಜುನನದು ಅವಧಿಯುಳ್ಳ ಮರೆವೇಷ.

ವ್ಯಾಕರಣದ ಒಂದು ಮಾತು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಲಿಂಗಗಳನ್ನು ಒಂಬತ್ತಾಗಿ ಎಣಿಸಿದನು. ಅದೇ ಸಂಖ್ಯೆ ಇಂದು ಬೀದಿಯಲ್ಲಿ ಇವರ ಮೇಲೆ ಎಸೆಯುವ ಬೈಗುಳವಾಗಿರುವುದು ವಿಷಾದಕರವಾದ ಕಾಕತಾಳೀಯ. ಮನುಷ್ಯರನ್ನು ‘ಅದು’ ಎಂದು ನಪುಂಸಕಲಿಂಗದಲ್ಲಿ ನಿರ್ದೇಶಿಸುವುದು ಕನ್ನಡದಲ್ಲಿ ವ್ಯಾಕರಣದ ವಿಷಯವಾಗಿ ಉಳಿಯುವುದಿಲ್ಲ, ಅವಮಾನವಾಗುವುದು. ಗಂಡುಹೆಣ್ಣುಗಳ ಭೇದವೆಣಿಸದ ‘ಅವರು’ ಎಂಬ ಗೌರವವಾಚಕ ನಮ್ಮ ನುಡಿಯಲ್ಲಿ ಮೊದಲಿನಿಂದಲೂ ಇದೆ. ಸಂದೇಹವಿದ್ದಲ್ಲಿ ಅದನ್ನು ಬಳಸಬಹುದು. ‘ಅವಳು’ ಎಂದೋ ‘ಅವ್ವ’ ಎಂದೋ ಕರೆಯಬೇಕೆಂದು ಅವರೇ ತಿಳಿಸಿದಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. 2014ರ ಏಪ್ರಿಲ್ 15ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ತನ್ನ ಲಿಂಗತ್ವವನ್ನು ತಾನೇ ನಿರ್ಣಯಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಶಸ್ತ್ರಚಿಕಿತ್ಸೆಯನ್ನು ಅದಕ್ಕೆ ಕಟ್ಟುಪಾಡಾಗಿ ವಿಧಿಸಲಾಗದೆಂದಿತು. ಆ ತೀರ್ಪಿನಲ್ಲಿ ಜೋಗಪ್ಪಗಳ ಹೆಸರೂ ಬಂದಿದೆ. ಅಲ್ಲಿಯೂ ಅವರ ಪರಿಚಯವು ರೇಣುಕಾದೇವಿಯ ಸೇವಕರೆಂದೇ.

ಆತ್ಮಕಥನವೆಂದರೂ ಹೇಳಿದ ನಾಲಗೆ ಒಂದು, ಬರೆದ ಕೈ ಇನ್ನೊಂದು. ಇಂತಹ ಗ್ರಂಥಗಳಲ್ಲಿ ಎರಡರ ಪಾಲನ್ನು ಬೇರ್ಪಡಿಸುವುದು ಕಷ್ಟ. ಆದುದರಿಂದ ಇದನ್ನು ಬರಿಯ ಸಮಾಜದ ದಾಖಲೆಯೆಂದು ಬದಿಗಿಡದೆ, ಕೃತಿಯೆಂದೇ ಭಾವಿಸಿ ಪಾಠ್ಯವಿಷಯವಾಗಿ ಎತ್ತಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ. ತರಗತಿಯಲ್ಲಿ ಕುಳಿತ ವಿದ್ಯಾರ್ಥಿಗಳಲ್ಲಿ ಈ ಸಂಕಟವನ್ನು ಬಾಯಿಬಿಟ್ಟು ಹೇಳಲಾರದವರು ಇರಬಹುದೆಂಬುದನ್ನು ಅಧ್ಯಾಪಕರು ನೆನೆದು ಮಾತನಾಡಬೇಕು. ಸವದತ್ತಿ ಗುಡ್ಡದ ಚೌಡಿಕೆ ಹಾಡುಗಳನ್ನು ಸಂಗ್ರಹಿಸುವವರಲ್ಲಿಯೂ ಒಂದು ವಿಜ್ಞಾಪನೆ: ಹಾಡಿನ ಕೆಳಗೆ ‘ಹಾಡಿದವರು’ ಎಂದು ಅಚ್ಚಾಗುವ ಸಾಲಿನಲ್ಲಿ ‘ಒಬ್ಬ ಜೋಗಪ್ಪ’ ಎಂದು ನಮೂದಿಸದೆ, ಅವರ ಒಪ್ಪಿಗೆ ಪಡೆದು, ಅವರು ತಮ್ಮದೆಂದು ಹೇಳಿದ ಹೆಸರನ್ನೇ ಮುದ್ರಿಸತಕ್ಕದ್ದು.