ಎಣಿಸಿದ್ದಾಯಿತು, ಕಲಿಸುವುದು ಬಾಕಿ

ಬಡ ದೇಶಗಳಲ್ಲಿ ಕೀಲುರೋಗಗಳ ವಿಚಾರದಲ್ಲಿ ಏನು ಮಾಡಬಹುದು ಎಂದು ಯೋಚಿಸಿ, ವಿಶ್ವ ಆರೋಗ್ಯ ಸಂಸ್ಥೆಯೂ ಕೀಲುರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವೂ ಕೂಡಿ 1981ರಲ್ಲಿ ಕಾಪ್‌ಕಾರ್ಡ್ ಎಂಬ ಕಾರ್ಯಕ್ರಮವೊಂದನ್ನು ಹಾಕಿಕೊಂಡವು. ಅದಕ್ಕೆ ಮೂರು ಹಂತ. ಮೊದಲು ಊರೂರಿಗೆ ಹೋಗಿ ಯಾರಿಗೆ ಎಲ್ಲಿ ನೋವಿದೆ ಎಂದು ಕೇಳಿ ಎಣಿಸುವುದು. ಆಮೇಲೆ ಆ ಎಣಿಕೆಯನ್ನು ಹಿಡಿದು ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ, ರೋಗಿಗಳಿಗೆ ಕಲಿಸುವುದು. ಕೊನೆಗೆ ಕಾರಣಗಳನ್ನು ಹುಡುಕಿ ತಡೆಯುವುದು. ನಾಲ್ಕು ದಶಕ ಕಳೆದ ಮೇಲೆ ನೋಡಿದರೆ ಮೊದಲ ಹಂತ ಹಲವು ದೇಶಗಳಲ್ಲಿ ಅಚ್ಚುಕಟ್ಟಾಗಿ ನಡೆದಿದೆ. ಎರಡನೆಯದು ಬಹುಪಾಲು ಕಾಗದದಲ್ಲೇ ಉಳಿದಿದೆ. ನನಗೆ ಕಾಡುವುದು ಈ ಎರಡನೆಯ ಹಂತ.

ಮೊದಲ ಹಂತದ ಒಳ್ಳೆಯ ಮಾದರಿ ನಮಗೆ ಹತ್ತಿರದಲ್ಲೇ ಇದೆ. ಪುಣೆ–ಸೊಲ್ಲಾಪುರ ರಸ್ತೆಯಲ್ಲಿ ಉಜನಿ ಹಿನ್ನೀರಿನ ಬಳಿ ಭಿಗವಣ ಎಂಬ ಊರು. 1996ರಲ್ಲಿ ಪುಣೆಯ ಡಾ. ಅರವಿಂದ ಚೋಪ್ರಾ ಮತ್ತು ಸಂಗಡಿಗರು ಊರಿನವರನ್ನೇ ಸ್ವಯಂಸೇವಕರಾಗಿ ತಯಾರು ಮಾಡಿ ಮನೆಮನೆಗೆ ಕಳಿಸಿದರು. ಕೈಯಲ್ಲಿ ಒಂದು ಪ್ರಶ್ನಾವಳಿ, ಜೊತೆಗೆ ಮನುಷ್ಯಾಕೃತಿಯ ಚಿತ್ರ. ನೋವಿರುವ ಜಾಗವನ್ನು ಅದರಲ್ಲಿ ಗುರುತಿಸಬೇಕು. ವಯಸ್ಕರಲ್ಲಿ ನೂರಕ್ಕೆ 18ರಷ್ಟು ಜನ ಮೈಕೈ, ಕೀಲು, ಬೆನ್ನು ನೋವು ಹೇಳಿಕೊಂಡರು. ರುಮಟಾಯ್ಡ್ ಆರ್ಥ್ರೈಟಿಸ್ ಇದ್ದವರು ಶೇ 0.5. ಸಣ್ಣ ಸಂಖ್ಯೆಯೆಂದು ಕಾಣಬಹುದು. ಅದೇ ಪ್ರಮಾಣವನ್ನು ಕರ್ನಾಟಕದ ವಯಸ್ಕರಿಗೆ ಅನ್ವಯಿಸಿ ಲೆಕ್ಕ ಹಾಕಿದರೆ ಎರಡು ಲಕ್ಷದ ಆಸುಪಾಸಿಗೆ ಬರುತ್ತದೆ. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು ಬರುವುದರಿಂದ ಆ ಎರಡು ಲಕ್ಷದಲ್ಲಿ ಹೆಚ್ಚಿನವರು ಒಲೆಯ ಮುಂದೆ, ಗದ್ದೆಯಲ್ಲಿ, ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೊಲಿಗೆ ಯಂತ್ರದ ಮುಂದೆ ಕೈಬೆರಳನ್ನೇ ನಂಬಿ ಬದುಕುವವರು.

ಭಿಗವಣದ ತಂಡ ಎಣಿಸಿ ಎದ್ದು ಹೋಗಲಿಲ್ಲ. ಅಲ್ಲೇ ಉಚಿತ ಚಿಕಿತ್ಸೆಯನ್ನೂ ತಿಳಿವಳಿಕೆಯನ್ನೂ ಮುಂದುವರಿಸಿತು. ಅದಕ್ಕಾಗಿ ಅವರ ಬಗ್ಗೆ ನನಗೆ ದೊಡ್ಡ ಗೌರವ. ಆದರೆ ಅದು ಒಂದು ಊರಿನಲ್ಲಿ ನಿಂತ ತಂಡದ ಹಟದಿಂದ ಆದ ಕೆಲಸ. ಅಂಥ ಹಟವಿಲ್ಲದ ಸಾವಿರಾರು ಊರುಗಳಲ್ಲಿ ವೈದ್ಯರೂ ರೋಗಿಯೂ ಕೀಲಿನ ಬಗ್ಗೆ ಕಲಿಯುತ್ತಿರುವುದು ಯಾರಿಂದ? ನೋಡಿದಷ್ಟೂ ಖಚಿತವಾಗುತ್ತದೆ: ಲ್ಯಾಬ್ ರಿಪೋರ್ಟಿನಿಂದ.

ತಾಲ್ಲೂಕು ಪೇಟೆಯ ಯಾವ ಲ್ಯಾಬ್‌ಗೆ ಹೋದರೂ ಕೀಲುನೋವಿನವರಿಗೆಂದೇ ಪರೀಕ್ಷೆಗಳ ಒಂದು ಕಟ್ಟು ಸಿಗುತ್ತದೆ. ಆರ್‌ಎ ಫ್ಯಾಕ್ಟರ್, ಎಎಸ್‌ಓ, ಯೂರಿಕ್ ಆಸಿಡ್, ಸಿಆರ್‌ಪಿ. ಚೀಟಿ ಬರೆಯುವುದಕ್ಕೆ ಅರ್ಧ ನಿಮಿಷ ಸಾಕು; ಕೀಲು ಮುಟ್ಟಿ ನೋಡಲು ಐದು ನಿಮಿಷ ಬೇಕು. ಎಎಸ್‌ಓ ಹೆಚ್ಚಿದೆ ಎಂದರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇತ್ತೀಚೆಗೆ ಗಂಟಲಿಗೋ ಚರ್ಮಕ್ಕೋ ತಗುಲಿ ಹೋಗಿದೆ ಎಂದಷ್ಟೇ ಅರ್ಥ. ಅದಾದ ಮೇಲೆ ಕೆಲವರಿಗೆ ಬರುವ ರುಮ್ಯಾಟಿಕ್ ಜ್ವರ ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳ ಕಾಯಿಲೆ. ಅದರಲ್ಲಿ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತದೆ, ಆಸ್ಪಿರಿನ್‌ಗೆ ಬೇಗ ಇಳಿಯುತ್ತದೆ, ಕೀಲನ್ನು ಸೊಟ್ಟಗೆ ಮಾಡದೆ ಹೋಗುತ್ತದೆ. ಅಪಾಯವಿರುವುದು ಹೃದಯದ ಕವಾಟಕ್ಕೆ. ಇಷ್ಟು ತಿಳಿದಿರದ ಕಡೆ ಏನಾಗುತ್ತದೆಂದರೆ, ನಲವತ್ತು ವರ್ಷದ ಹೆಂಗಸಿಗೆ ಎಎಸ್‌ಓ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಶುರುವಾಗುತ್ತದೆ. ಸೂಜಿ ವರ್ಷಗಟ್ಟಲೆ ನಡೆಯುತ್ತದೆ. ಅಷ್ಟರಲ್ಲಿ ನಿಜವಾದ ಕಾಯಿಲೆ, ರುಮಟಾಯ್ಡ್, ಬೆರಳ ಬುಡದ ಮೂಳೆಯನ್ನು ತಿನ್ನುತ್ತಿರುತ್ತದೆ.

ಆರ್‌ಎ ಫ್ಯಾಕ್ಟರಿನ ಕಥೆಯೂ ಹೀಗೇ. ಏನೂ ಕಾಯಿಲೆಯಿಲ್ಲದ ಕೆಲವರಲ್ಲಿ ಅದು ಪಾಸಿಟಿವ್ ಇರುತ್ತದೆ, ಕ್ಷಯ ಮತ್ತು ಕುಷ್ಠದಲ್ಲೂ ಇರಬಹುದು. ರುಮಟಾಯ್ಡ್ ಇರುವ ನಾಲ್ವರಲ್ಲಿ ಸುಮಾರು ಒಬ್ಬರಲ್ಲಿ ಇರುವುದೇ ಇಲ್ಲ. ಹಾಗಾಗಿ ಮಂಡಿ ಸವೆದ ಅಜ್ಜಿಗೆ ರುಮಟಾಯ್ಡ್ ಎಂಬ ಹಣೆಪಟ್ಟಿ ಬೀಳುತ್ತದೆ. ಎರಡೂ ಕೈಯ ಬೆರಳು ಊದಿಕೊಂಡ ಬಾಣಂತಿಗೆ ‘ರಿಪೋರ್ಟ್ ನಾರ್ಮಲ್ ಇದೆಯಲ್ಲ’ ಎಂಬ ಸಮಾಧಾನ ಸಿಗುತ್ತದೆ. ಎರಡೂ ಕಡೆ ರೋಗಿ ಪಾಠ ಕಲಿತೇ ಹೋಗುತ್ತಾರೆ: ಕಾಯಿಲೆ ಇರುವುದು ಕಾಗದದಲ್ಲಿ, ಕೈಯಲ್ಲಲ್ಲ. ಇದನ್ನು ಬರೀ ಅಜ್ಞಾನ ಎನ್ನಲಾರೆ. ನಾವೇ ದುಡ್ಡು ಕೊಟ್ಟು, ಕ್ರಮವಾಗಿ ಕೊಡಿಸುತ್ತಿರುವ ತಪ್ಪು ಶಿಕ್ಷಣ ಇದು.

ವೈದ್ಯರನ್ನು ದೂರುವುದು ಸುಲಭ. ಅವರಿಗೆ ಕಲಿಸಿದ ರೀತಿಯನ್ನು ನೋಡಬೇಕು. ಎಂಬಿಬಿಎಸ್ ವಿದ್ಯಾರ್ಥಿ ವಾರ್ಡಿನಲ್ಲಿ ಹೃದಯದ ಮರ್ಮರ ಕೇಳಲು ಕಲಿಯುತ್ತಾನೆ, ಗುಲ್ಮ ತಡವಿ ನೋಡಲು ಕಲಿಯುತ್ತಾನೆ, ಏಕೆಂದರೆ ಪರೀಕ್ಷೆಯಲ್ಲಿ ಅವೇ ಬರುತ್ತವೆ: ಹೃದಯ, ಶ್ವಾಸಕೋಶ, ಹೊಟ್ಟೆ, ನರ. ಕೀಲು ಬರುವುದು ಅಪರೂಪ. 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಕೀಲುರೋಗಗಳಿಗೆ ಪ್ರತ್ಯೇಕ ಭಾಗವೇ ಇದೆ, ರೋಗಿಯೊಡನೆ ಮಾತನಾಡುವುದನ್ನು ಕಲಿಸುವ ಭಾಗವೂ ಇದೆ. ಅದು ನಿಜವಾದ ಸುಧಾರಣೆ. ಆದರೆ ವಿದ್ಯಾರ್ಥಿ ಓದುವುದು ಪಠ್ಯಕ್ರಮಕ್ಕಾಗಿ ಅಲ್ಲ, ಪರೀಕ್ಷೆಗಾಗಿ ಎಂಬುದು ಪಾಠ ಮಾಡುವವರಿಗೆಲ್ಲ ಗೊತ್ತು.

ಈ ಕೊರತೆ ನಮ್ಮದೊಂದೇ ಅಲ್ಲ. ಬ್ರಿಟನ್ನಿನಲ್ಲಿ ಮೈಕೆಲ್ ಡೊಹರ್ಟಿ ಮತ್ತು ಸಹೋದ್ಯೋಗಿಗಳು 1990ರಲ್ಲಿ ಆಸ್ಪತ್ರೆಯ ಒಳರೋಗಿಗಳ ಕೇಸ್ ಶೀಟುಗಳನ್ನು ತೆಗೆದು ನೋಡಿದರು. ಎಲ್ಲ ಅಂಗಗಳ ಟಿಪ್ಪಣಿ ಇತ್ತು, ಕೀಲಿನದು ಮಾತ್ರ ತೀರ ವಿರಳ. ಎರಡು ವರ್ಷದ ನಂತರ ಅವರು ಗ್ಯಾಲ್ಸ್ ಎಂಬ ಚಿಕ್ಕ ತಪಾಸಣೆಯನ್ನು ಮುಂದಿಟ್ಟರು: ನಡಿಗೆ, ತೋಳು, ಕಾಲು, ಬೆನ್ನುಮೂಳೆ. ಅದು ಶುರುವಾಗುವುದು ಮೂರು ಪ್ರಶ್ನೆಗಳಿಂದ. ಸ್ನಾಯು, ಕೀಲು, ಬೆನ್ನಿನಲ್ಲಿ ನೋವೋ ಬಿಗಿತವೋ ಇದೆಯೇ? ತೊಂದರೆಯಿಲ್ಲದೆ ಪೂರ್ತಿ ಬಟ್ಟೆ ಹಾಕಿಕೊಳ್ಳಲು ಆಗುತ್ತದೆಯೇ? ಮೆಟ್ಟಿಲು ಹತ್ತಿಳಿಯಲು ಆಗುತ್ತದೆಯೇ? ಕೆಲವೇ ನಿಮಿಷದ ಕೆಲಸ. 2006ರಲ್ಲಿ ಇದನ್ನೇ ಮಕ್ಕಳಿಗೂ ಹೊಂದಿಸಿದರು.

ನಾನು ಗ್ಯಾಲ್ಸ್ ಅನ್ನು ಮೆಚ್ಚುವುದು ಅದರ ಜಾಣತನಕ್ಕಾಗಿ ಅಲ್ಲ, ಅದು ವೈದ್ಯರ ಕೈಯನ್ನು ಮತ್ತೆ ರೋಗಿಯ ಕೀಲಿನ ಮೇಲೆ ಇಡಿಸುತ್ತದೆ ಎಂಬುದಕ್ಕಾಗಿ. ಹಾಗೆಂದು ಅದನ್ನು ಇದ್ದ ಹಾಗೇ ಎತ್ತಿ ತರಲಾಗದು. ಮೆಟ್ಟಿಲೇ ಇಲ್ಲದ ಮನೆಯವರಿಗೆ ಮೆಟ್ಟಿಲಿನ ಪ್ರಶ್ನೆ ಏನು ತಿಳಿಸೀತು? ನಮ್ಮಲ್ಲಿ ಕೇಳಬೇಕಾದ್ದು ಚಕ್ಕಳಮಕ್ಕಳ ಹಾಕಿ ಕೂತು ಊಟ ಮಾಡಲಾಗುತ್ತದೆಯೇ, ಕುಕ್ಕರುಗಾಲಿನಲ್ಲಿ ಕೂತು ಆಸರೆಯಿಲ್ಲದೆ ಏಳಲಾಗುತ್ತದೆಯೇ, ರೊಟ್ಟಿ ತಟ್ಟಲು, ರವಿಕೆಯ ಹುಕ್ಕು ಹಾಕಿಕೊಳ್ಳಲು, ಮುದ್ದೆ ತೊಳಸಲು ಆಗುತ್ತದೆಯೇ ಎಂದು. ದಿನದ ಕೆಲಸಗಳ ಕಷ್ಟವನ್ನು ಅಳೆಯುವ ಸ್ಟ್ಯಾನ್‌ಫರ್ಡಿನ ಪ್ರಶ್ನಾವಳಿಯನ್ನು ದೆಹಲಿಯ ತಜ್ಞರು 2002ರಲ್ಲಿ ಭಾರತಕ್ಕೆ ಹೊಂದಿಸಿದಾಗ ನೆಲದ ಮೇಲೆ ಕೂರುವುದನ್ನು, ಶೌಚಕ್ಕೆ ಕುಕ್ಕರಿಸುವುದನ್ನು ಸೇರಿಸಿದರು. ಇದು ನಾವು ಅನುಸರಿಸಬೇಕಾದ ದಾರಿ. ಮನೆಮನೆಗೆ ಹೋಗಿ ಸಕ್ಕರೆ ಕಾಯಿಲೆ, ಬಿಪಿ ವಿಚಾರಿಸುವ ಆಶಾ ಕಾರ್ಯಕರ್ತೆಯ ಕೈಗೆ ಇಂಥ ಮೂರು ಪ್ರಶ್ನೆ, ಜೊತೆಗೆ ‘ಬೆಳಿಗ್ಗೆ ಎದ್ದಾಗ ಕೈ ಬಿಗಿಹಿಡಿದಿರುತ್ತದೆಯೇ, ಸಡಿಲವಾಗಲು ಎಷ್ಟು ಹೊತ್ತು ಬೇಕು’ ಎಂಬ ಇನ್ನೊಂದು ಪ್ರಶ್ನೆ ಕೊಟ್ಟರೆ, ಎಷ್ಟೋ ಜನ ಮೊದಲ ಕೆಲವೇ ತಿಂಗಳಲ್ಲಿ ಸರಿಯಾದ ವೈದ್ಯರ ಬಳಿ ತಲುಪುತ್ತಾರೆ. ರುಮಟಾಯ್ಡ್‌ನಲ್ಲಿ ಆ ಮೊದಲ ತಿಂಗಳುಗಳೇ ಬೆಲೆಯುಳ್ಳವು.

ಇಂಥ ಪಾಠಕ್ಕೆ ಕರ್ನಾಟಕಕ್ಕೆ ಒಮ್ಮೆ ದೊಡ್ಡ ಸಂದರ್ಭವೂ ಒದಗಿತ್ತು. 2006ರ ಚಿಕೂನ್‌ಗುನ್ಯಾದಲ್ಲಿ ದೇಶದಲ್ಲೇ ಹೆಚ್ಚು ಶಂಕಿತ ಪ್ರಕರಣಗಳು ನಮ್ಮ ರಾಜ್ಯದಲ್ಲಿದ್ದವು, ಏಳೂವರೆ ಲಕ್ಷಕ್ಕೂ ಮೇಲೆ. ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಕೀಲು ಹಿಡಿದುಕೊಂಡವರು ಊರೂರಲ್ಲಿದ್ದರು. ಆಗ ಸೊಳ್ಳೆಯ ಬಗ್ಗೆ ಗೋಡೆಗೋಡೆಯ ಮೇಲೂ ಬರೆಸಿದೆವು. ಕೀಲಿನ ಬಗ್ಗೆ, ಯಾವ ಊತ ತಾನಾಗಿ ಇಳಿಯುತ್ತದೆ, ಯಾವುದಕ್ಕೆ ತಜ್ಞರನ್ನು ಕಾಣಬೇಕು ಎಂಬ ಬಗ್ಗೆ, ಅದರ ನೂರರಲ್ಲೊಂದು ಪಾಲೂ ಹೇಳಲಿಲ್ಲ. ಆ ಖಾಲಿ ಜಾಗಕ್ಕೆ ಹೆಸರಿಲ್ಲದ ಪುಡಿ, ಗುಳಿಗೆಗಳು ಬಂದವು. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಅದು ಎರಡು ದಿನದಲ್ಲಿ ನೋವು ಇಳಿಸುವುದರಿಂದ ಅದಕ್ಕಿಂತ ನಂಬಿಕಸ್ತ ಬೋಧಕ ಬೇರಿಲ್ಲ. ಮೂಳೆ ಟೊಳ್ಳಾಗುವುದು, ಸಕ್ಕರೆ ಏರುವುದು ಗೊತ್ತಾಗುವಾಗ ಕಾಲ ಮೀರಿರುತ್ತದೆ.

ಇನ್ನು ರೋಗಿಗಳ ಶಿಕ್ಷಣ. ನಮ್ಮಲ್ಲಿ ಹೆಚ್ಚಾಗಿ ಅದರ ರೂಪ ಒಂದು ಕರಪತ್ರ, ಅಕ್ಟೋಬರ್ 12ರ ವಿಶ್ವ ಸಂಧಿವಾತ ದಿನಕ್ಕೊಂದು ಉಪನ್ಯಾಸ. ಕರಪತ್ರದಲ್ಲಿ ಕೀಲಿನ ಅಡ್ಡಕೊಯ್ತದ ಚಿತ್ರ, ಕಾಯಿಲೆಯ ವಿಧಗಳು, ನಿಯಮಿತ ವ್ಯಾಯಾಮ ಮಾಡಿ ಎಂಬ ಸಲಹೆ. ರೋಗಿಯ ಮೊದಲ ಪ್ರಶ್ನೆ ಬೇರೆಯೇ ಇರುತ್ತದೆ: ‘ಡಾಕ್ಟ್ರೇ, ಏನು ತಿನ್ನಬಾರದು?’ ಆಲೂಗಡ್ಡೆ, ಬದನೆ, ಹುಳಿ, ಬೇಳೆಕಾಳು ಎಲ್ಲ ವಾತ ಎಂದು ಬಿಟ್ಟು ಬಂದಿರುತ್ತಾರೆ. ‘ಎಲ್ಲಾ ತಿನ್ನಿ ಹೋಗಿ’ ಎಂದು ಆ ಪ್ರಶ್ನೆಯನ್ನು ತಳ್ಳಿಹಾಕಿದ ಕ್ಷಣವೇ ಪಾಠ ಮುಗಿಯುತ್ತದೆ. ಗೌಟ್ ಇದ್ದವರಿಗೆ ಮದ್ಯ, ಕಲೀಜದಂಥ ಮಾಂಸ ಬಿಡಿ ಎನ್ನಲು ಕಾರಣವಿದೆ, ರುಮಟಾಯ್ಡ್ ಇದ್ದ ಬಡ ಹೆಂಗಸು ಬೇಳೆ ಬಿಟ್ಟರೆ ನಷ್ಟವೇ ಹೊರತು ಲಾಭವಿಲ್ಲ ಎಂದು ಕೂತು ಹೇಳುವವರು ಬೇಕು.

ಈ ದಿಕ್ಕಿನಲ್ಲಿ ಎಲ್ಲರಿಗಿಂತ ಮುಂದೆ ಹೋದವರು ಕೇಟ್ ಲೊರಿಗ್. 1970ರ ದಶಕದ ಕೊನೆಗೆ ಸ್ಟ್ಯಾನ್‌ಫರ್ಡಿನಲ್ಲಿ ಅವರು ರೂಪಿಸಿದ ತರಗತಿ ವಾರಕ್ಕೆ ಎರಡು ಗಂಟೆಯಂತೆ ಆರು ವಾರ ನಡೆಯುತ್ತಿತ್ತು. ನಡೆಸುತ್ತಿದ್ದವರು ವೈದ್ಯರಲ್ಲ, ತರಬೇತಾದ ಸಾಮಾನ್ಯರು. ಅವರಲ್ಲಿ ಹಲವರಿಗೆ ಸ್ವತಃ ಕೀಲುರೋಗವಿತ್ತು. ನಾಲ್ಕು ವರ್ಷದ ನಂತರದ ಫಲವನ್ನು 1993ರಲ್ಲಿ ಪ್ರಕಟಿಸಿದಾಗ ನೋವು ಸರಾಸರಿ ಶೇ 20, ವೈದ್ಯರ ಭೇಟಿ ಶೇ 40 ಇಳಿದಿದ್ದವು. ಇದಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಅವರದೇ 1989ರ ಪ್ರಬಂಧ. ಕಲಿತವರು ವ್ಯಾಯಾಮ ಹೆಚ್ಚು ಮಾಡಿದರು, ನಿಜ. ಆದರೆ ನೋವು ಕಡಿಮೆಯಾದದ್ದಕ್ಕೆ ಆ ಬದಲಾವಣೆ ಸಾಕಷ್ಟು ವಿವರಣೆ ಕೊಡಲಿಲ್ಲ. ಇದನ್ನು ನಾನು ನಿಭಾಯಿಸಬಲ್ಲೆ ಎಂಬ ಧೈರ್ಯ ಬೆಳೆದವರಿಗೆ ಗುಣ ಹೆಚ್ಚು ಕಂಡಿತು. ತನ್ನ ಕಾರ್ಯಕ್ರಮ ತಾನೆಣಿಸಿದ ಕಾರಣಕ್ಕೆ ಫಲಿಸಲಿಲ್ಲ ಎಂದು ಬರೆದು, ಅಲ್ಲಿಂದ ಪಾಠವನ್ನೇ ತಿರುಗಿ ಕಟ್ಟಿದ ಈ ಪ್ರಾಮಾಣಿಕತೆ ಆರೋಗ್ಯ ಶಿಕ್ಷಣದಲ್ಲಿ ವಿರಳ.

ಆದರೂ ಲೊರಿಗ್ ಅವರ ಫಲಿತಾಂಶವನ್ನು ಪೂರ್ತಿ ಓದಬೇಕು. ಅದೇ ನಾಲ್ಕು ವರ್ಷದಲ್ಲಿ ದೇಹದ ಅಸಾಮರ್ಥ್ಯ ಶೇ 9 ಹೆಚ್ಚಿತ್ತು. ನೋವಿನೊಂದಿಗೆ ಬದುಕಲು ಕಲಿತರು, ಕಾಯಿಲೆ ತನ್ನ ಪಾಡಿಗೆ ಮುಂದುವರಿಯಿತು. ರುಮಟಾಯ್ಡ್ ರೋಗಿಗಳ ಶಿಕ್ಷಣದ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ನೋಡಿದ 2003ರ ಕಾಕ್ರೇನ್ ವಿಮರ್ಶೆಯೂ ಕೆಲಕಾಲದ ಸಣ್ಣ ಪ್ರಯೋಜನವನ್ನಷ್ಟೇ ಕಂಡಿತು. ದೀರ್ಘಕಾಲದ ಲಾಭಕ್ಕೆ ಆಧಾರ ಸಿಗಲಿಲ್ಲ. ಔಷಧಿಯ ಬದಲಿಗೆ ಧೈರ್ಯ ಕೊಟ್ಟರೆ ಸಾಕು ಎಂದು ಯಾವ ಸರ್ಕಾರವೂ ಇದನ್ನು ಓದಿಕೊಳ್ಳಬಾರದು. ಮತ್ತೊಂದು ಅಡ್ಡಿ: ಆರು ವಾರ, ಪ್ರತಿ ವಾರ ಎರಡು ಗಂಟೆ, ದಿನಗೂಲಿಯ ಹೆಂಗಸಿಗೆ ಎಲ್ಲಿಂದ ಬರಬೇಕು? ಇಲ್ಲಿಗೆ ಬೇಕಾದ್ದು ಔಷಧಿಗೆ ಅಂಟಿಕೊಂಡ ಚಿಕ್ಕ ಪಾಠ, ಸರದಿಯಲ್ಲಿ ಕಾಯುವಾಗಲೇ ಸಿಗುವಂಥದ್ದು.

ಮೆಥೋಟ್ರೆಕ್ಸೇಟ್ ಗುಳಿಗೆಯನ್ನೇ ನೋಡಿ. 1980ರ ದಶಕದ ಪ್ರಯೋಗಗಳ ನಂತರ ರುಮಟಾಯ್ಡ್ ಚಿಕಿತ್ಸೆಯ ಆಧಾರವೇ ಆದ, ಅಗ್ಗದ, ಒಳ್ಳೆಯ ಔಷಧಿ. ತೆಗೆದುಕೊಳ್ಳಬೇಕಾದ್ದು ವಾರಕ್ಕೊಮ್ಮೆ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಕುತ್ತು. ಇಂಥ ಅವಘಡಗಳು ಲೋಕದ ಎಲ್ಲೆಡೆ ದಾಖಲಾಗಿವೆ. ವಾರಕ್ಕೊಮ್ಮೆ ಎಂದು ಇಂಗ್ಲಿಷ್ ಚೀಟಿಯಲ್ಲಿ ಬರೆದರೆ ಸಾಲದು. ‘ಭಾನುವಾರ ಮಾತ್ರ’ ಎಂದು ಕನ್ನಡದಲ್ಲಿ ಬರೆದು, ರೋಗಿಯ ಬಾಯಲ್ಲೇ ಮರಳಿ ಹೇಳಿಸಿ, ಮೆಡಿಕಲ್ ಶಾಪಿನವರೂ ಅದೇ ವಾರದ ಹೆಸರನ್ನು ಪೊಟ್ಟಣದ ಮೇಲೆ ಬರೆದರೆ, ಅರ್ಧ ನಿಮಿಷದ ಆ ಪಾಠ ಹತ್ತು ಪುಟದ ಪುಸ್ತಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಬಸಿರಾಗುವ ಯೋಚನೆಯಿದ್ದರೆ ಮೊದಲೇ ತಿಳಿಸಿ, ಈ ಗುಳಿಗೆ ನಿಲ್ಲಿಸಬೇಕಾಗುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಎಷ್ಟೋ ಬಾರಿ ಅದನ್ನು ಹೇಳುವುದು ಗಂಡನಿಗೆ, ಆಕೆಗಲ್ಲ.

ವೈದ್ಯರ ಶಿಕ್ಷಣ ಒಂದು ಕಡೆ, ರೋಗಿಯದು ಇನ್ನೊಂದು ಕಡೆ ಎಂಬ ವಿಂಗಡಣೆಯೇ ಕಾಪ್‌ಕಾರ್ಡಿನ ಎರಡನೆಯ ಹಂತವನ್ನು ಹಿಡಿದು ನಿಲ್ಲಿಸಿದೆ ಎಂದು ನನ್ನ ಎಣಿಕೆ. ಅದನ್ನು ಮುರಿದದ್ದು ಅಮೆರಿಕದಲ್ಲಿ ಹುಟ್ಟಿ ಯುರೋಪಿಗೂ ಹಬ್ಬಿದ ‘ಪೇಷಂಟ್ ಪಾರ್ಟ್ನರ್ಸ್’ ಪದ್ಧತಿ. ಅಲ್ಲಿ ಕೀಲುರೋಗ ಇರುವವರೇ ತರಬೇತು ಪಡೆದು, ತಮ್ಮ ಕೈಯನ್ನೇ ಮುಂದೆ ಚಾಚಿ, ಕೀಲು ತಡವಿ ನೋಡುವುದನ್ನು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಎಲ್ಲಿ ಒತ್ತಿದರೆ ನೋವು, ಎಷ್ಟು ಒತ್ತಿದರೆ ಸಾಕು, ಊತಕ್ಕೂ ಗಂಟು ಮೂಳೆಗೂ ವ್ಯತ್ಯಾಸ ಏನು ಎಂದು ಹೇಳುತ್ತಾರೆ. ತಜ್ಞರ ಪಾಠದೊಂದಿಗೆ ಹೋಲಿಸಿದ ಅಧ್ಯಯನಗಳಲ್ಲಿ ಇವರಿಂದ ಕಲಿತವರು ಹಿಂದೆ ಬೀಳಲಿಲ್ಲ. ಕಲಿಸುವ ರೋಗಿಗೂ ತನ್ನ ಕಾಯಿಲೆಯ ಮೇಲೆ ಹಿಡಿತ ಬರುತ್ತದೆ; ಲೊರಿಗ್ ಕಂಡ ಧೈರ್ಯ ಇದೇ.

ಕರ್ನಾಟಕದಲ್ಲಿ ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯೋಜನೆಯ ಹೆಸರೂ ಬೇಡ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಂತಿಮ ಎಂಬಿಬಿಎಸ್ ಪ್ರಾಯೋಗಿಕ ಪರೀಕ್ಷೆಯಲ್ಲಿ ಎರಡು ಕೈಗಳ ಕೀಲು ತಪಾಸಣೆ, ಒಂದು ಮೆಥೋಟ್ರೆಕ್ಸೇಟ್ ಚೀಟಿಯನ್ನು ರೋಗಿಗೆ ಕನ್ನಡದಲ್ಲಿ ವಿವರಿಸುವುದು, ಇವೆರಡನ್ನು ಕಡ್ಡಾಯ ಮಾಡಲಿ. ಅಂಕ ಹಾಕುವವರಲ್ಲಿ ಒಬ್ಬರು ತರಬೇತಾದ ರೋಗಿಯೇ ಆಗಿರಲಿ. ಅವರಿಗೆ ಬಸ್ ಚಾರ್ಜು, ಊಟದ ಜೊತೆಗೆ ಉಳಿದ ಪರೀಕ್ಷಕರಿಗೆ ಕೊಡುವಷ್ಟೇ ಸಂಭಾವನೆ ಕೊಡಲಿ.